ರಗ್ಗಿನಲ್ಲಿ ಬೆಚ್ಚನೆಯ ಲಂಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ತಿಕ ಮುಗಿದು ಧನುರ್ಮಾಸ ಹತ್ತಿರವಾದರೆ ಚಿಕ್ಕಬಳ್ಳಾಪುರದ ನನ್ನ ಹೊಲಿಗೆ ಅಂಗಡಿಗೆ ಬರುವವರ ಕಂಕುಳಲ್ಲಿ ಬ್ಲೌಸ್ ಪೀಸಿನ ಬದಲು ಸುತ್ತಿದ ರಗ್ಗು ಇರುತ್ತದೆ. ಬೆಳಗಿನ ಜಾವ ಹೂವಿನ ಮಾರ್ಕೆಟ್ಟಿಗೆ ಸೇವಂತಿಗೆ ಹಾಕುವವರು, ಡೈರಿಗೆ ಹಾಲು ತರುವವರು, ಐದು ಗಂಟೆಗೆ ಎದ್ದು ರಂಗೋಲಿ ಬಿಡುವವರು, ಮೊದಲ ಬಸ್ಸಿಗೆ ಬೆಂಗಳೂರಿಗೆ ಓಡುವ ಹುಡುಗಿಯರು ಎಲ್ಲರಿಗೂ ಒಂದೇ ಕಷ್ಟ. ಮೈಗೆ ಸ್ವೆಟರ್ ಇದೆ, ತಲೆಗೆ ಸ್ಕಾರ್ಫ್ ಇದೆ, ಸೊಂಟದಿಂದ ಕೆಳಗೆ ಏನೂ ಇಲ್ಲ. ನಂದಿಬೆಟ್ಟದ ಕಡೆಯಿಂದ ಮಂಜು ಇಳಿದ ದಿನ ಮಂಡಿ ಕೊರೆಯುತ್ತದೆ. ಕೇಳಿದ್ದಕ್ಕೇ ಮತ್ತೆ ಮತ್ತೆ ಉತ್ತರ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆದಿಟ್ಟಿದ್ದೇನೆ.

ರಗ್ಗಲ್ಲಿ ಲಂಗನಾ ಅಕ್ಕಾ? ನೋಡಿದವರು ನಗಲ್ವಾ?

ಮೊದಲ ವರ್ಷ ನಕ್ಕರು. ಮರುವರ್ಷ ನಕ್ಕವರೇ ರಗ್ಗು ಹಿಡಿದುಕೊಂಡು ಬಂದರು. ದೊಡ್ಡ ದೊಡ್ಡ ಗುಲಾಬಿ ಹೂವಿನ ರಗ್ಗು ತಂದರೆ ಮಾತ್ರ ಮಂಚದಿಂದ ಎದ್ದು ಬಂದ ಹಾಗೇ ಕಾಣುತ್ತದೆ, ಅದಕ್ಕೆ ನಾನು ಜವಾಬ್ದಾರಳಲ್ಲ. ಒಂದೇ ಬಣ್ಣದ್ದು ತನ್ನಿ. ನೇವಿ ಬ್ಲೂ, ಕಾಫಿ ಬಣ್ಣ, ಮೆರೂನ್. ಹೊಲಿದ ಮೇಲೆ ಯಾರೂ ರಗ್ಗು ಅನ್ನುವುದಿಲ್ಲ.

ಉಣ್ಣೆ ಬಟ್ಟೆಯಷ್ಟು ಬೆಚ್ಚಗಿರುತ್ತಾ?

ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆ ಹಿಡಿದಿಟ್ಟುಕೊಂಡ ಗಾಳಿ. ಕುರಿಯ ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುತ್ತದೆ. ಆ ಸುರುಳಿಗಳ ನಡುವೆ ಗಾಳಿ ಅಲ್ಲಾಡದೆ ನಿಂತು, ಮೈಯ ಕಾವು ಹೊರಗೆ ಹೋಗದಂತೆ ತಡೆಯುತ್ತದೆ. ಫ್ಲೀಸ್ ಅನ್ನುವುದು ಪಾಲಿಯೆಸ್ಟರ್ ದಾರದಿಂದ ಹೆಣೆದು, ಬ್ರಷ್ಷಿನಿಂದ ಎಳೆದು ತುಪ್ಪಟ ಎಬ್ಬಿಸಿದ ಬಟ್ಟೆ. ಉಣ್ಣೆ ಮಾಡುವ ಕೆಲಸವನ್ನೇ ಮಾಡಲಿ ಎಂದು ಅಮೆರಿಕದ ಮಾಲ್ಡನ್ ಮಿಲ್ಸ್ ಎಂಬ ಗಿರಣಿಯವರು 1979ರ ಸುಮಾರಿಗೆ ಇದನ್ನು ಮಾಡಿದರು. ಇವತ್ತು ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ತೆಳು ರಗ್ಗು ಅದರ ಬಡ ತಂಗಿ.

ವ್ಯತ್ಯಾಸ ಎರಡು ಕಡೆ ಗೊತ್ತಾಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಪಾಲಿಯೆಸ್ಟರ್ ಒಂದು ಶೇಕಡಾವನ್ನೂ ಹೀರುವುದಿಲ್ಲ, ಹಾಗಾಗಿ ಬಿಸಿಲೇರಿದ ಮೇಲೂ ಹಾಕಿಕೊಂಡಿದ್ದರೆ ಬೆವರು ಒಳಗೇ ಕಿಚಕಿಚ. ಇನ್ನೊಂದು, ಫ್ಲೀಸಿನಲ್ಲಿ ಗಾಳಿ ತೂರುತ್ತದೆ. ನಿಂತಿದ್ದಾಗ ಬೆಚ್ಚಗಿರುವ ಲಂಗ ಸ್ಕೂಟಿಯ ಮೇಲೆ ಕೂತ ಕೂಡಲೇ ಬೆಚ್ಚಗಿರುವುದಿಲ್ಲ. ಇವೆರಡಕ್ಕೂ ಮದ್ದು ಲೈನಿಂಗ್. ಆ ವಿಚಾರ ಮುಂದೆ ಇದೆ, ಅದನ್ನು ಓದದೆ ಹೊಲಿಯಬೇಡಿ.

ನಮ್ಮ ಊರಿನ ಚಳಿ ಕಾಶ್ಮೀರದ್ದಲ್ಲ. ಬೆಳಿಗ್ಗೆ ಒಂಬತ್ತರವರೆಗೆ, ಮತ್ತೆ ಸಂಜೆ ಏಳರ ಮೇಲೆ. ಇಷ್ಟಕ್ಕೆ ಮೀಟರಿಗೆ ಸಾವಿರ ದಾಟುವ ಉಣ್ಣೆ ಬಟ್ಟೆ ಬೇಕಾಗಿಲ್ಲ.

ಅಂಗಡಿಯಲ್ಲಿ ನಾಲ್ಕೈದು ತರ ಇದೆ. ಯಾವುದು ತರಲಿ?

ತೆಳು ಫ್ಲೀಸ್ ರಗ್ಗು ನನ್ನ ಮೊದಲ ಆಯ್ಕೆ. ನಾನು ಈಚೆಗೆ ತಂದವಕ್ಕೆ 250ರಿಂದ 350 ರೂಪಾಯಿ ಕೊಟ್ಟಿದ್ದೇನೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಸುಕ್ಕು ನಿಲ್ಲಬಾರದು, ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ತೂತು ಕಾಣಬಾರದು. ಎರಡು ಬೆರಳಲ್ಲಿ ತುಪ್ಪಟ ಕಿತ್ತು ನೋಡಿ. ಒಂದೇ ಸಲಕ್ಕೆ ಕೈಗೆ ಬಂದರೆ ಅದು ಎರಡನೇ ಒಗೆತಕ್ಕೆ ಬೋಳಾಗುವ ಮಾಲು.

ಮಿಂಕ್ ಅಂತ ಮಾರುವ ದಪ್ಪ ರಗ್ಗು ಬೇಡವೇ ಬೇಡ. ಹೊದೆಯೋಕೆ ಸ್ವರ್ಗ, ಹೊಲಿಯೋಕೆ ನರಕ. ನಾಲ್ಕು ಪದರ ಸೇರಿದ ಕಡೆ ಬಟ್ಟೆ ಒತ್ತಿಹಿಡಿಯುವ ಮೆಷಿನ್ನಿನ ಕಾಲೇ ಎದ್ದು ನಿಲ್ಲುತ್ತದೆ, ಉಟ್ಟವರು ಧಾನ್ಯದ ವಾಡೆಯ ಹಾಗೆ ಕಾಣುತ್ತಾರೆ.

ಸೋಲಾಪುರದ ಚದ್ದರ ಹತ್ತಿಯದು. ತೂಕ ಇದೆ, ನೇಯ್ಗೆ ಬಿಗಿ, ಗಾಳಿ ತಡೆಯುತ್ತದೆ. ಎರಡು ಬದಿಗೂ ಬೇರೆ ಬೇರೆ ಬಣ್ಣದಲ್ಲಿ ಅದೇ ಚಿತ್ತಾರ ಬರುವುದರಿಂದ ನೋಡೋಕೂ ಚೆಂದ. ಒಲೆ ಮುಂದೆ ಕೆಲಸ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಕತ್ತರಿಸಿದ ಕಡೆಯೆಲ್ಲ ನೂಲು ಬಿಚ್ಚಿಕೊಳ್ಳುತ್ತದೆ, ಪ್ರತಿ ಅಂಚಿಗೂ ಓವರ್‌ಲಾಕ್ ಮಾಡಲೇಬೇಕು. ಕತ್ತರಿಸುವ ಮೊದಲು ಒಂದು ಸಲ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ.

ಕಾಟನ್ ಫ್ಲಾನಲ್ ಸಿಕ್ಕರೆ ಬಿಡಬೇಡಿ. ಹಸುಗೂಸಿನ ಬಟ್ಟೆ ಹೊಲಿಯುತ್ತಾರಲ್ಲ, ಅದೇ. ಒಳಲಂಗಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಅದೂ ಕುಗ್ಗುವ ಜಾತಿ, ನೆನೆಸಿಯೇ ಕತ್ತರಿಸಬೇಕು.

ಇನ್ನೊಂದಿದೆ, ಬೂದು ಬಣ್ಣದ ಒರಟು ರಗ್ಗು, ಆಸ್ಪತ್ರೆಯಲ್ಲಿ, ನೆರೆ ಬಂದಾಗ ಹಂಚುವ ಕಡೆ ನೋಡಿರುತ್ತೀರಿ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ, ಆ ಎಳೆಯನ್ನೇ ಮತ್ತೆ ನೂತು ನೇಯುತ್ತಾರೆ. ಈ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನಲ್ಲಿ ಬೆಂಜಮಿನ್ ಲಾ ಎಂಬಾತ 1813ರಲ್ಲೇ ಶುರುಮಾಡಿದ್ದು. ಎಳೆ ಚಿಕ್ಕದು, ಹಾಗಾಗಿ ಬೇಗ ಸವೆಯುತ್ತದೆ. ಲಂಗ ಹೊಲಿದರೆ ಕೂರುವ ಜಾಗ ಮೊದಲು ತೆಳ್ಳಗಾಗುತ್ತದೆ. ಬೆಚ್ಚಗೇನೋ ಇರುತ್ತದೆ, ಚುಚ್ಚುವುದನ್ನು ಸಹಿಸುವ ತಾಕತ್ತಿದ್ದರೆ.

ಮನೇಲಿ ತಾತನ ಕಾಲದ ಕುರಿ ಕಂಬಳಿ ಇದೆ. ಅದನ್ನೇ ಕತ್ತರಿಸಲಾ?

ಕತ್ತರಿ ಹಾಕುವ ಮೊದಲು ಮನೆಯ ಹಿರಿಯರನ್ನು ಕೇಳಿ. ಮದುವೆಯ ಹಸೆಗೆ, ದೇವರ ಗದ್ದುಗೆಗೆ ಹಾಸಿದ ಕಂಬಳಿಯಾದರೆ ನಾನು ಮುಟ್ಟುವುದಿಲ್ಲ. ಒಬ್ಬರು ಹೀಗೆ ತಂದುಕೊಟ್ಟು ಹೋದರು. ಅವರ ಅತ್ತೆ ಸಂಜೆಯೊಳಗೆ ಬಂದು ಎತ್ತಿಕೊಂಡು ಹೋದರು, ನನಗೂ ನಾಲ್ಕು ಮಾತು ಬಿತ್ತು.

ಬಟ್ಟೆಯ ಮಾತಿಗೆ ಬಂದರೆ, ಶಿರಾ, ಪಾವಗಡ, ಚಳ್ಳಕೆರೆ ಕಡೆಯ ಕಂಬಳಿ ದಖನಿ ಕುರಿಯ ಉಣ್ಣೆಯದು. ಎಳೆ ದಪ್ಪ, ಒರಟು. ಹಾಸಿನ ಎಳೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು, ಬಿಗಿಯಾಗಲಿ ಎಂದು ಹುಣಿಸೆ ಬೀಜದ ಗಂಜಿ ಹಚ್ಚಿ ನೇಯುತ್ತಾರೆ. ಅದಕ್ಕೇ ಹೊಸ ಕಂಬಳಿ ತಗಡಿನ ಹಾಗೆ ನಿಲ್ಲುತ್ತದೆ. ಹತ್ತಾರು ವರ್ಷ ಹೊದ್ದು ಮೆತ್ತಗಾದ ಕಂಬಳಿಯಲ್ಲಿ ಲಂಗ ಚೆನ್ನಾಗಿಯೇ ಬರುತ್ತದೆ, ಒಳಗೆ ದಪ್ಪ ಕಾಟನ್ ಲೈನಿಂಗ್ ಇದ್ದರೆ. ಬಿಸಿನೀರಿಗೆ ಹಾಕಿ ಕುಕ್ಕಿದಿರೋ ಮುಗಿಯಿತು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥದ್ದಿರುತ್ತದೆ, ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಇಡೀ ಬಟ್ಟೆ ಮುದುರಿ ಗಟ್ಟಿಯಾಗುತ್ತದೆ. ಮತ್ತೆ ಹಿಗ್ಗುವುದಿಲ್ಲ.

ಅಂಗಡಿಯವರು "ಪ್ಯೂರ್ ವುಲನ್" ಅಂತಾರೆ. ನಿಜವಾ ಅಂತ ಹೇಗೆ ತಿಳಿಯೋದು?

ಮುನ್ನೂರು ರೂಪಾಯಿಗೆ ಪ್ಯೂರ್ ವುಲನ್ ರಗ್ಗು ಸಿಗುವ ಕಾಲ ಹೋಗಿದೆ. ನಾನೇ ಒಂದು ಸಲ ಹಾಗೆ ನಂಬಿ ಏಳು ರಗ್ಗು ತಂದೆ, ಏಳೂ ಪಾಲಿಯೆಸ್ಟರ್. ಅಂದಿನಿಂದ ಅಂಚಿನ ಎರಡು ಎಳೆ ಕಿತ್ತು ಸುಟ್ಟು ನೋಡದೆ ಬಿಲ್ ಮಾಡಿಸುವುದಿಲ್ಲ.

ಬಯಲಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಇಕ್ಕಳದಲ್ಲಿ ಎಳೆ ಹಿಡಿದು ಬೆಂಕಿಕಡ್ಡಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ. ಪಾಲಿಯೆಸ್ಟರ್ ಮೊದಲು ಮುದುರುತ್ತದೆ, ಕರಗುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಆ ಮಣಿಯನ್ನು ಬಿಸಿಯಿದ್ದಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ. ಮಿಶ್ರ ನೂಲಾದರೆ ಎರಡೂ ಲಕ್ಷಣ ಸೇರಿ ಬರುತ್ತವೆ.

ಪಾಲಿಯೆಸ್ಟರ್ ಅಂದ ಕೂಡಲೇ ಬಿಸಾಡಬೇಕಿಲ್ಲ. ಪಾಲಿಯೆಸ್ಟರ್ ಎಂದು ತಿಳಿದು, ಆ ದರಕ್ಕೆ ತಂದರೆ ಸಾಕು.

ಒಂದು ರಗ್ಗಲ್ಲಿ ಒಂದು ಲಂಗ ಆಗುತ್ತಾ? ಲೆಕ್ಕ ಹೇಳಿ.

ಒಂದಲ್ಲ, ಒಂದೂವರೆ ಆಗುತ್ತದೆ. ಸಿಂಗಲ್ ರಗ್ಗು ಅಂದರೆ ಹೆಚ್ಚಾಗಿ 60 ಇಂಚು ಅಗಲ, 90 ಇಂಚು ಉದ್ದ. ಲೇಬಲ್ಲಿನಲ್ಲಿ ಬರೆದದ್ದನ್ನು ನಂಬದೆ ಟೇಪು ಹಿಡಿಯಿರಿ. ಸುತ್ತಲಿನ ಓವರ್‌ಲಾಕ್ ಅಂಚನ್ನು ಅರ್ಧರ್ಧ ಇಂಚು ಕತ್ತರಿಸಿ ತೆಗೆದರೆ 59 ಮತ್ತು 89 ಉಳಿಯುತ್ತದೆ.

ಹಿಪ್ 40 ಇಂಚು, ಲಂಗದ ಉದ್ದ 36 ಇಂಚು ಎಂದಿಟ್ಟುಕೊಳ್ಳಿ. ಆರು ಪೀಸಿನ ಲಂಗ. ಮೇಲೆ ಎಲಾಸ್ಟಿಕ್ ಹೋಗುವ ಮಡಿಕೆಗೆ ಒಂದೂವರೆ, ಕೆಳಗೆ ಮಡಿಸಲು ಒಂದು, ಒಟ್ಟು 38½ ಇಂಚು ಉದ್ದದ ಪೀಸು. ಪ್ರತಿ ಪೀಸಿನ ಮೇಲಿನ ಅಗಲ 8, ಕೆಳಗಿನ ಅಗಲ 14, ಎರಡರಲ್ಲೂ ಹೊಲಿಗೆಗೆ ಆಚೆ ಈಚೆ ಅರ್ಧರ್ಧ ಇಂಚು ಸೇರಿದೆ. ಹೊಲಿದ ಮೇಲೆ ಮೇಲಿನ ಸುತ್ತು 42, ಕೆಳಗಿನ ಸುತ್ತು 78. ಮೇಲಿನದು ಹಿಪ್‌ಗಿಂತ ಎರಡು ಇಂಚು ಜಾಸ್ತಿ ಇರುವುದಕ್ಕೆ ಕಾರಣವಿದೆ. ಫ್ಲೀಸ್ ಎಳೆದರೆ ಬರುತ್ತದೆ, ಕಾಟನ್ ಲೈನಿಂಗ್ ಬರುವುದಿಲ್ಲ. ಮೇಲಿನ ಸುತ್ತನ್ನು 36 ಇಂಚಿಗೆ ಕತ್ತರಿಸಿ ಎಲಾಸ್ಟಿಕ್ ಹಾಕಿದರೆ ಲಂಗ ಸೊಂಟದಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಸೊಂಟದವರೆಗೆ ಬರುವುದೇ ಇಲ್ಲ.

ಅಗಲದಲ್ಲಿ ನಾಲ್ಕು ಪೀಸು 56 ಇಂಚು ತಿನ್ನುತ್ತದೆ. ಅದರ ಕೆಳಗೆ ಎರಡನೇ ಸಾಲಿನಲ್ಲಿ ಎರಡು ಪೀಸು. ಅವುಗಳ ಪಕ್ಕದಲ್ಲಿ 31 ಇಂಚು ಅಗಲ, 50 ಇಂಚು ಉದ್ದದ ತುಂಡು ಉಳಿಯಿತಲ್ಲ? ಎಂಟು ವರ್ಷದ ಮಗಳಿದ್ದರೆ, ಹಿಪ್ 26, ಉದ್ದ 22 ಇಂಚಿನ ಲಂಗ ಅದರಲ್ಲೇ ಬರುತ್ತದೆ. ಪೀಸಿನ ಮೇಲಗಲ 5¾, ಕೆಳಗಲ 9, ಉದ್ದ 24½, ಸಾಲಿಗೆ ಮೂರರಂತೆ ಎರಡು ಸಾಲು. ಈ ಲೆಕ್ಕ ಕೂತಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಿಪ್ 44 ದಾಟಿದರೆ ಪೀಸಿನ ಅಗಲ ಹೆಚ್ಚುತ್ತದೆ, ಸಾಲಿಗೆ ಮೂರೇ ಕೂರುತ್ತವೆ. ಆಗಲೂ ಎರಡು ಸಾಲಿಗೆ ಆರು ಆಯಿತು, ರಗ್ಗು ಸಾಕು. ಮಗಳ ಲಂಗಕ್ಕೆ ಮಾತ್ರ ಜಾಗ ಇರುವುದಿಲ್ಲ.

ಆರು ಪೀಸಿನ ತಲೆನೋವು ಯಾಕೆ? ಸುಮ್ನೆ ನೆರಿಗೆ ಇಟ್ಟು ಹೊಲಿದರಾಗಲ್ವಾ?

ಆಗುತ್ತದೆ. ಉಟ್ಟುಕೊಂಡು ಕನ್ನಡಿ ಮುಂದೆ ನಿಂತಾಗ ಗೊತ್ತಾಗುತ್ತದೆ. 60 ಇಂಚು ಅಗಲದ ದಪ್ಪ ಬಟ್ಟೆಯನ್ನು 32 ಇಂಚಿನ ಸೊಂಟಕ್ಕೆ ತುರುಕಿದರೆ ಹೊಟ್ಟೆಯ ಸುತ್ತ ಸೈಕಲ್ ಟ್ಯೂಬು ಕಟ್ಟಿಕೊಂಡ ಹಾಗಾಗುತ್ತದೆ. ತೆಳು ಬಟ್ಟೆಗೆ ನೆರಿಗೆ, ದಪ್ಪ ಬಟ್ಟೆಗೆ ಪೀಸು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ, ಗಿರಾಕಿಯದ್ದೂ.

ಹೊಲಿದ ಮೇಲೆ ಎರಡು ಪೀಸು ಬೇರೆ ಬಣ್ಣದ ಹಾಗೆ ಕಾಣ್ತಿದೆ. ಯಾಕೆ?

ಎರಡು ಪೀಸನ್ನು ತಲೆಕೆಳಗಾಗಿ ಕತ್ತರಿಸಿದ್ದೀರಿ. ನನ್ನ ಮೊದಲ ರಗ್ಗಿನ ಲಂಗದ ಕತೆಯೂ ಇದೇ. ಬಟ್ಟೆ ಉಳಿಸುವ ಆಸೆಗೆ, ಪೆಟಿಕೋಟಿಗೆ ಮಾಡುವ ಹಾಗೆ ಒಂದು ಪೀಸು ಮೇಲ್ಮುಖ, ಒಂದು ಕೆಳಮುಖ ಇಟ್ಟು ಕತ್ತರಿಸಿದೆ. ಹೊಲಿದು ನೇತುಹಾಕಿದರೆ ಮೆರೂನ್ ಲಂಗದಲ್ಲಿ ಮೂರು ಪಟ್ಟೆ ಗಾಢ, ಮೂರು ಪಟ್ಟೆ ತಿಳಿ. ಗಿರಾಕಿ "ಡಿಸೈನ್ ಚೆನ್ನಾಗಿದೆ" ಅಂದರು. ನಾನೂ ಹೂಂ ಅಂದೆ.

ತುಪ್ಪಟಕ್ಕೆ ದಿಕ್ಕಿರುತ್ತದೆ. ರಗ್ಗಿನ ಮೇಲೆ ಅಂಗೈ ಆಡಿಸಿ. ಒಂದು ಕಡೆಗೆ ಬೆಕ್ಕಿನ ಬೆನ್ನು ಸವರಿದ ಹಾಗೆ ನುಣುಪು, ಎದುರು ದಿಕ್ಕಿಗೆ ತಡೆಯುತ್ತದೆ. ನುಣುಪಾದ ದಿಕ್ಕು ಪಾದದ ಕಡೆಗೆ ಬರುವಂತೆ ಎಲ್ಲ ಪೀಸನ್ನೂ ಇಡಬೇಕು. ಕತ್ತರಿಸುವ ಮೊದಲು ಹಿಂಬದಿಯಲ್ಲಿ ಬಾಣದ ಗುರುತು ಹಾಕಿ.

ಗುರುತು ಹಾಕಲು ಸಾದಾ ಚಾಕ್ ಹಿಡಿಯುವುದಿಲ್ಲ, ಉದುರಿಹೋಗುತ್ತದೆ. ಸವೆದ ಸೋಪಿನ ಚೂರು ಒಣಗಿಸಿಟ್ಟುಕೊಳ್ಳಿ, ಗಾಢ ಬಣ್ಣಕ್ಕೆ ಅದಕ್ಕಿಂತ ಒಳ್ಳೆಯ ಚಾಕ್ ಇಲ್ಲ. ನ್ಯೂಸ್‌ಪೇಪರಿನಲ್ಲಿ ಒಂದು ಪೀಸಿನ ಅಚ್ಚು ಮಾಡಿಕೊಂಡು ಒಂದೊಂದೇ ಪದರ ಕತ್ತರಿಸಿ. ಎರಡು ಪದರ ಮಡಿಸಿ ಕತ್ತರಿಸಿದರೆ ಕೆಳಗಿನದು ಜಾರಿ ಅರ್ಧ ಇಂಚು ಹೆಚ್ಚು ಕಮ್ಮಿ ಬರುತ್ತದೆ.

ಮನೇಲಿ ಅಮ್ಮನ ಕಾಲದ ಕಾಲ್ತುಳಿತದ ಮೆಷಿನ್ ಇದೆ. ತಡೆಯುತ್ತಾ?

ತಡೆಯುತ್ತದೆ. ಹೊಸ ಪ್ಲಾಸ್ಟಿಕ್ ಮೆಷಿನ್ನಿಗಿಂತ ಚೆನ್ನಾಗಿಯೇ ತಡೆಯುತ್ತದೆ. 16 ನಂಬರ್ ಸೂಜಿ ಹಾಕಿ, ಹೊಸದು. ಫ್ಲೀಸ್ ನೇಯ್ದದ್ದಲ್ಲ, ಹೆಣೆದದ್ದು. ಬಾಲ್‌ಪಾಯಿಂಟ್ ಸೂಜಿ ಸಿಕ್ಕರೆ 14 ನಂಬರೂ ಸಾಕು, ಅದು ಎಳೆ ಕತ್ತರಿಸದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ದಾರ ಪಾಲಿಯೆಸ್ಟರ್ ಇರಲಿ. ಹೊಲಿಗೆ ಸಣ್ಣದಾದರೆ ಬಟ್ಟೆ ಅಲೆ ಅಲೆಯಾಗುತ್ತದೆ, ಹಾಗಾಗಿ ಮೂರರಿಂದ ಮೂರೂವರೆ ಮಿಲಿಮೀಟರಿನ ಉದ್ದ ಹೊಲಿಗೆ ಹಾಕಿ.

ಮೆಷಿನ್ನಿನ ತಲೆಯ ಮೇಲೆ ಕಾಲಿನ ಒತ್ತಡದ ತಿರುಪು ಇರುತ್ತದೆ. ವರ್ಷಗಳಿಂದ ಯಾರೂ ಮುಟ್ಟಿರುವುದಿಲ್ಲ. ಅದನ್ನು ಸ್ವಲ್ಪ ಸಡಿಲ ಮಾಡಿದರೆ ಮೇಲಿನ ಪದರ ಮುಂದೆ ತಳ್ಳಿಕೊಂಡು ಹೋಗುವುದು ನಿಲ್ಲುತ್ತದೆ. ಗುಂಡುಪಿನ್ನು ತುಪ್ಪಟದೊಳಗೆ ಮುಳುಗಿ ಕಾಣದೆ ಹೋಗುತ್ತದೆ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿಕೊಳ್ಳಿ. ಧೈರ್ಯವಿಲ್ಲದಿದ್ದರೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಆಮೇಲೆ ಮೆಷಿನ್ನಿಗೆ ಕೊಡಿ.

ಮುಗಿದ ಮೇಲೆ ಬಾಬಿನ್ ಜಾಗ ಬಿಚ್ಚಿ ನೋಡಿ. ಬೆಕ್ಕಿನ ಮರಿ ಮಲಗಿದ ಹಾಗೆ ತುಪ್ಪಟ ಸೇರಿರುತ್ತದೆ. ಬ್ರಷ್ಷಿನಲ್ಲಿ ತೆಗೆದು ಎರಡು ಹನಿ ಎಣ್ಣೆ ಬಿಡಿ.

ಫ್ಲೀಸಿಗೆ ಓವರ್‌ಲಾಕ್ ಬೇಡ, ನೂಲು ಬಿಚ್ಚುವುದಿಲ್ಲ. ಬಡವರ ಬಟ್ಟೆಗೆ ದೇವರು ಕೊಟ್ಟ ಒಂದೇ ವರ ಅದು.

ಹೊಲಿಗೆ ಉಬ್ಬಿಕೊಂಡಿದೆ. ಐರನ್ ಮಾಡಲಾ?

ಬೇಡ. ಕಾದ ಐರನ್ ಇಟ್ಟರೆ ಫ್ಲೀಸ್ ಕರಗಿ ಹೊಳೆಯುವ ಕಲೆಯಾಗುತ್ತದೆ, ಐರನ್ನಿನ ಅಡಿಗೂ ಮೆತ್ತಿಕೊಳ್ಳುತ್ತದೆ. ಹೊಲಿಗೆಯ ಒಳಗಿನ ಅಂಚುಗಳನ್ನು ಬೆರಳಿನಿಂದ ಆಚೆ ಈಚೆ ಬಿಡಿಸಿ, ಹೊರಗಿನಿಂದ ಎರಡೂ ಬದಿಗೆ ಕಾಲಿಂಚು ಬಿಟ್ಟು ಒಂದೊಂದು ಹೊಲಿಗೆ ಓಡಿಸಿ. ಜೀನ್ಸ್ ಪ್ಯಾಂಟಿನ ಹಾಗೆ ಕಾಣುತ್ತದೆ, ಚಪ್ಪಟೆಯೂ ಆಗುತ್ತದೆ.

ಲೈನಿಂಗ್ ಬೇಕೇ ಬೇಕಾ? ಖರ್ಚು ಜಾಸ್ತಿ ಆಗುತ್ತಲ್ಲ.

ಹಳೆಯ ಕಾಟನ್ ಸೀರೆಗೆ ಖರ್ಚೇನು? ಐದೂವರೆ ಮೀಟರಿನ ಸೀರೆಯಲ್ಲಿ ಸವೆದ ಭಾಗ ಬಿಟ್ಟರೂ ಆರು ಪೀಸು ಧಾರಾಳ. ಅಜ್ಜಿ ಉಟ್ಟು ಉಟ್ಟು ಮೆತ್ತಗಾದ ಸೀರೆ ಕಾಲಿಗೆ ತಾಗುವುದಕ್ಕಿಂತ ಹಿತ ಬೇರೆ ಇಲ್ಲ. ಹೊಸದೇ ಬೇಕೆಂದರೆ ಪಾಪ್ಲಿನ್, ನೆನೆಸಿ ಒಣಗಿಸಿದ್ದು.

ಲೈನಿಂಗ್ ಮೂರು ಕೆಲಸ ಒಟ್ಟಿಗೆ ಮಾಡುತ್ತದೆ. ಬಿಗಿ ನೇಯ್ಗೆಯ ಪಾಪ್ಲಿನ್ ಗಾಳಿಯನ್ನು ತಡೆಯುತ್ತದೆ, ಸ್ಕೂಟಿಯವರಿಗೆ ಇದೇ ಮುಖ್ಯ. ಹತ್ತಿಯಾದ್ದರಿಂದ ಬೆವರು ಹೀರುತ್ತದೆ. ಎರಡು ಬಟ್ಟೆಯ ನಡುವೆ ಇನ್ನೊಂದು ಪದರ ಗಾಳಿ ನಿಲ್ಲುತ್ತದೆ. ದಪ್ಪದ ಒಂದು ಪದರಕ್ಕಿಂತ ತೆಳುವಾದ ಎರಡು ಪದರ ಹೆಚ್ಚು ಬೆಚ್ಚಗಿರುವುದು ಇದಕ್ಕೇ. ನಾನು ಮಿಂಕ್ ರಗ್ಗು ಬೇಡ ಎನ್ನುವುದೂ ಇದಕ್ಕೇ.

ಲೈನಿಂಗನ್ನು ಸೊಂಟದಲ್ಲಿ ಮಾತ್ರ ಸೇರಿಸಿ ಹೊಲಿಯಿರಿ, ಕೆಳಗೆ ಬಿಡಿಯಾಗಿರಲಿ, ಲಂಗಕ್ಕಿಂತ ಎರಡು ಇಂಚು ಮೇಲೆ ನಿಲ್ಲಲಿ. ಕೆಳಗೂ ಸೇರಿಸಿ ಹೊಲಿದರೆ ಫ್ಲೀಸ್ ಹಿಗ್ಗಿ, ಕಾಟನ್ ಹಿಗ್ಗದೆ, ಅಂಚು ಬುಗ್ಗೆ ಬುಗ್ಗೆಯಾಗುತ್ತದೆ.

ಎಲಾಸ್ಟಿಕ್ಕಾ, ಲಾಡಿನಾ?

ಎರಡೂ. ಒಂದಿಂಚಿನ ಎಲಾಸ್ಟಿಕ್ ಸೊಂಟಕ್ಕಿಂತ ಮೂರು ಇಂಚು ಕಮ್ಮಿ ಕತ್ತರಿಸಿ ಹಾಕಿ. ರಗ್ಗಿನ ಲಂಗ ತೂಕ, ಜೇಬಿನಲ್ಲಿ ಮೊಬೈಲ್ ಬಿದ್ದರೆ ಇನ್ನೂ ತೂಕ, ನಾಲ್ಕು ತಿಂಗಳಿಗೆ ಎಲಾಸ್ಟಿಕ್ ಸೋಲುತ್ತದೆ. ಅದೇ ಮಡಿಕೆಯೊಳಗೆ ಒಂದು ಲಾಡಿಯನ್ನೂ ಓಡಿಸಿಟ್ಟರೆ ಆಗ ಉಪಯೋಗಕ್ಕೆ ಬರುತ್ತದೆ. ಜೇಬು ಮರೆಯಬೇಡಿ. ಎರಡನೇ ಸಾಲಿನ ಕೆಳಗೆ ಉಳಿದ ಪಟ್ಟಿಯಲ್ಲಿ ಎರಡು ಜೇಬಾಗುತ್ತದೆ, ಕೈ ಬೆಚ್ಚಗಿಡಲು ಬೇಕೇ ಬೇಕು.

ನಮ್ಮಮ್ಮ ಸೀರೆ ಬಿಟ್ಟು ಬೇರೆ ಉಡಲ್ಲ. ಮಂಡಿ ನೋವು ಬೇರೆ. ಏನು ಮಾಡ್ಲಿ?

ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ ಕೇಳುತ್ತಾರೆ, ಇದಕ್ಕೆ ಉತ್ತರ ಹುಡುಕಲು ನನಗೆ ಎರಡು ಚಳಿಗಾಲ ಬೇಕಾಯಿತು. ಒಬ್ಬರ ಅಮ್ಮನಿಗೆ ಫ್ಲೀಸಿನಲ್ಲೇ ಒಳಲಂಗ ಹೊಲಿದುಕೊಟ್ಟೆ ಮೊದಲು. ಬೆಚ್ಚಗೇನೋ ಇತ್ತು. ಆದರೆ ತುಪ್ಪಟ ಸೀರೆಯನ್ನು ಹಿಡಿದುಕೊಂಡು ಬಿಡುತ್ತಿರಲಿಲ್ಲ. ನೆರಿಗೆ ಕೂರುವುದಿಲ್ಲ, ನಡೆದರೆ ಸೀರೆ ಮೇಲಕ್ಕೆ ಹತ್ತುತ್ತದೆ. ಆ ಅಮ್ಮ ನಂದಿಯ ಭೋಗನಂದೀಶ್ವರನ ಗುಡಿಗೆ ಬೆಳಗಿನ ಪೂಜೆಗೆ ಹೋಗಿ, ಪ್ರದಕ್ಷಿಣೆಯ ತುಂಬ ಸೀರೆ ಕೆಳಗೆ ಎಳೆದುಕೊಳ್ಳುವುದೇ ಆಯಿತು ಎಂದು ಬಂದು ಬೈದರು.

ಈಗ ಹೀಗೆ ಮಾಡುತ್ತೇನೆ. ಕಾಟನ್ ಫ್ಲಾನಲ್ಲಿನ ಆರು ಪೀಸಿನ ಒಳಲಂಗ, ತುಪ್ಪಟದ ಬದಿ ಕಾಲಿನ ಕಡೆಗೆ, ನುಣುಪಿನ ಬದಿ ಸೀರೆಯ ಕಡೆಗೆ. ಕೆಲವು ಫ್ಲಾನಲ್ಲಿಗೆ ಎರಡೂ ಬದಿ ತುಪ್ಪಟ ಇರುತ್ತದೆ, ಕೊಳ್ಳುವಾಗ ನೋಡಿ. ಅಂಥದ್ದೇ ಸಿಕ್ಕರೆ ಹೊರಗೆ ತೆಳು ಪಾಪ್ಲಿನ್ ಪದರ ಕೊಡುತ್ತೇನೆ. ಲಾಡಿಯೇ ಇರಲಿ, ಸೀರೆಯ ನೆರಿಗೆ ಸಿಕ್ಕಿಸಲು ಬಿಗಿ ಬೇಕು, ಎಲಾಸ್ಟಿಕ್ ಆಗದು. ಉದ್ದ ಪಾದಕ್ಕಿಂತ ಮೂರು ಇಂಚು ಮೇಲಿರಲಿ, ಬೆಳಗಿನ ಇಬ್ಬನಿಯಲ್ಲಿ ಅಂಚು ನೆನೆದರೆ ಹತ್ತಿ ಬೇಗ ಒಣಗುವುದಿಲ್ಲ, ನೆನೆದ ಹತ್ತಿ ಚಳಿಯನ್ನೇ ಕರೆಯುತ್ತದೆ.

ಮಂಡಿ ನೋವಿಗೆ ಇದು ಔಷಧಿಯಲ್ಲ. ಬೆಚ್ಚಗಿದ್ದರೆ ಹಾಯೆನಿಸುತ್ತದೆ ಅಷ್ಟೇ. ಡಾಕ್ಟರಿಗೆ ತೋರಿಸುವುದನ್ನು ತಪ್ಪಿಸಬೇಡಿ.

ಬೆಳಿಗ್ಗೆ ಹಂಡೆ ಒಲೆ ಹಚ್ಚೋದು ನಾನೇ. ಈ ಲಂಗ ಉಟ್ಕೊಂಡು ಹಚ್ಚಬಹುದಾ?

ಫ್ಲೀಸ್ ಉಟ್ಟು ಬೇಡ. ಇದನ್ನು ಪ್ರತಿಯೊಬ್ಬರಿಗೂ ಹೇಳಿಯೇ ರಗ್ಗು ತೆಗೆದುಕೊಳ್ಳುತ್ತೇನೆ. ಕಿಡಿ ಬಿದ್ದರೆ ಹತ್ತಿ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಕಾಲಿಗೆ ಅಂಟುತ್ತದೆ, ಅದು ಇನ್ನೂ ಕೆಟ್ಟದ್ದು. ಚಳಿ ಕಾಯಿಸಲು ಬೆಂಕಿ ಹಾಕಿ ಸುತ್ತ ಕೂರುವವರಿಗೂ ಇದೇ ಮಾತು. ಒಲೆಯ ಕೆಲಸಕ್ಕೆ ಸೋಲಾಪುರ ಚದ್ದರದ ಲಂಗ, ಅದೂ ಘೇರು, ಅಂದರೆ ಕೆಳಗಿನ ಸುತ್ತು, ಕಮ್ಮಿ ಇಟ್ಟು. ಇಲ್ಲವೇ ಕಂಬಳಿಯದು, ಉಣ್ಣೆಗೆ ಬೆಂಕಿ ಬೇಗ ಹಿಡಿಯುವುದಿಲ್ಲ.

ಆಕಸ್ಮಾತ್ ಸುಟ್ಟರೆ ಅಂಟಿದ ಬಟ್ಟೆಯನ್ನು ಕೀಳಬಾರದು. ಹರಿಯುವ ತಣ್ಣೀರನ್ನು 20 ನಿಮಿಷ ಬಿಟ್ಟು ಆಸ್ಪತ್ರೆಗೆ ಹೋಗಿ. ಪೇಸ್ಟು, ಅರಿಶಿನ, ಇಂಕು ಏನೂ ಬೇಡ.

ಲಂಗ ಕಾಲಿಗೆ ಅಂಟ್ಕೊಳ್ಳುತ್ತೆ, ಬಿಚ್ಚುವಾಗ ಚಟಚಟ ಅನ್ನುತ್ತೆ. ದೋಷವಾ?

ದೋಷವಲ್ಲ, ಒಣ ಹವೆ. ನಮ್ಮ ಕಡೆ ಡಿಸೆಂಬರ್ ಕಳೆದರೆ ತುಟಿ ಒಡೆಯುವಷ್ಟು ಗಾಳಿ ಒಣಗುತ್ತದೆ. ಪಾಲಿಯೆಸ್ಟರ್ ಉಜ್ಜಿದಾಗ ಹುಟ್ಟಿದ ಕರೆಂಟು ಹೋಗಲು ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಕಾಟನ್ ಲೈನಿಂಗ್ ಇದ್ದರೆ ಮುಕ್ಕಾಲು ಪಾಲು ತೊಂದರೆ ಇಲ್ಲ. ಉಡುವ ಮೊದಲು ಒದ್ದೆ ಕೈಯಲ್ಲಿ ಒಳಬದಿ ಸವರಿದರೂ ಸಾಕು.

ಒಗೆಯೋದು ಹೇಗೆ? ಮೇಲೆ ಸಣ್ಣ ಸಣ್ಣ ಉಂಡೆ ಬಂದಿದೆ.

ಒಳಬದಿ ಹೊರಗೆ ಮಾಡಿ, ತಣ್ಣೀರು, ಕಮ್ಮಿ ಸೋಪಿನ ಪುಡಿ. ಬಂಡೆಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ, ಉಂಡೆ ಬರುವುದು ಆ ತಿಕ್ಕಾಟಕ್ಕೇ. ಟವೆಲ್ ಜೊತೆ ಮೆಷಿನ್ನಿಗೆ ಹಾಕಿದರೆ ಟವೆಲ್ಲಿನ ನೂಲೆಲ್ಲ ಲಂಗಕ್ಕೆ ಬರುತ್ತದೆ. ಮೊದಲ ಒಗೆತದಲ್ಲಿ ತುಪ್ಪಟ ಉದುರುವುದು ಸಹಜ, ಬಚ್ಚಲಿನ ಜಾಲರಿಗೆ ಬಟ್ಟೆ ಕಟ್ಟಿ ಹಿಡಿದು ಕಸಕ್ಕೆ ಹಾಕಿ. ಅದು ಪ್ಲಾಸ್ಟಿಕ್ ಎಳೆ, ಕೆರೆಗೆ ಹೋದರೆ ಕರಗುವುದಿಲ್ಲ. ನೆರಳಿನಲ್ಲಿ ಹಾಕಿದರೂ ಸಂಜೆಗೆ ಒಣಗುತ್ತದೆ.

ಬಂದ ಉಂಡೆಗಳನ್ನು ಲಂಗವನ್ನು ಬಿಗಿಯಾಗಿ ಹರಡಿ ಹಳೆಯ ರೇಜರಿನಿಂದ ಮೆಲ್ಲಗೆ ಕೆರೆಯಬಹುದು. ಅವಸರ ಮಾಡಿದರೆ ತೂತು ಖಚಿತ.

ಒಟ್ಟು ಎಷ್ಟು ಬೀಳುತ್ತೆ?

ಮನೆಯಲ್ಲೇ ಹೊಲಿದರೆ ರಗ್ಗು 300, ಎಲಾಸ್ಟಿಕ್, ದಾರ, ಸೂಜಿ ಸೇರಿ 50ರ ಹತ್ತಿರ, ಲೈನಿಂಗ್ ಅಜ್ಜಿಯ ಸೀರೆ. ಮಗಳದ್ದೂ ಅದರಲ್ಲೇ. ಅಂಗಡಿಗೆ ತಂದರೆ ಕೂಲಿ ಬೇರೆ. ಸಂಕ್ರಾಂತಿಯ ಹಿಂದಿನ ವಾರ ತಂದು "ನಾಳೆ ಬೇಕು" ಅನ್ನುವವರಿಗೆ ನನ್ನ ಉತ್ತರ ಗೊತ್ತೇ ಇದೆ. ಆಗ ಎಲ್ಲರ ಬ್ಲೌಸು ತಲೆಯ ಮೇಲೆ ಕೂತಿರುತ್ತದೆ, ಮನೆಯಲ್ಲಿ ಅವರೆಕಾಯಿ ಸುಲಿಯುವುದೂ ಇರುತ್ತದೆ. ದೀಪಾವಳಿ ಕಳೆದ ಮರುವಾರ ತನ್ನಿ. ಆಗ ರಗ್ಗೂ ಅಗ್ಗ, ನನ್ನ ಕೈಯೂ ಖಾಲಿ.